ದೊಡ್ಡವರ ಇಂಗ್ಲಿಷ್: ಶಿವಮೊಗ್ಗ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಸಂಜೆ ಕ್ಲಾಸಿಗೆ ಬರುವವರು, ಸಾಗರ-ಹೊಸನಗರ ಕಡೆಯಿಂದ ಫೋನಿನಲ್ಲೇ ಕಲಿಯುವವರು, ಪತ್ರ ಬರೆಯುವವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತು ಮೆಲ್ಲಗೆ ವಿಚಾರಿಸುವವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಮೊದಲಿಂದ ಕೊನೆವರೆಗೆ ಓದಬೇಕಂತಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ.

## ಶುರು ಮಾಡುವ ಮೊದಲು

ಮೇಡಂ, ನಂಗೆ ಇಂಗ್ಲಿಷ್ ಕಲೀಬೇಕು. ಎಲ್ಲಿಂದ ಶುರು ಮಾಡ್ಲಿ?

ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾರ ಹತ್ತಿರ ಮಾತಾಡಬೇಕು? ಎಲ್ಲಿ? ಏನು? "ಎಲ್ಲರ ಹತ್ತಿರ, ಎಲ್ಲ ಕಡೆ, ಎಲ್ಲಾನೂ" ಅಂದರೆ ನನ್ನ ಕೈಗೆ ಏನೂ ಸಿಗುವುದಿಲ್ಲ. "ಮಳೆಗಾಲ ಮುಗಿದ ಮೇಲೆ ನಮ್ಮ ಹೋಮ್‌ಸ್ಟೇಗೆ ಮುಂಬೈಯವರು ಬರ್ತಾರೆ, ಕೊಡಚಾದ್ರಿಗೆ ಹೋಗೋ ಜೀಪಿನ ವಿಷಯ ಅವರಿಗೆ ನಾನೇ ಹೇಳ್ಬೇಕು" ಅಂದರೆ ಮೊದಲ ವಾರದ ಪಾಠ ಅಲ್ಲೇ ರೆಡಿ.

ಮೊದಮೊದಲು ನಾನೂ ಎಲ್ಲರಿಗೂ ಒಂದೇ ಪಾಠ ಮಾಡುತ್ತಿದ್ದೆ. ಈಸ್-ಆರ್, ಆಮೇಲೆ ಟೆನ್ಸ್, ಆಮೇಲೆ ರಜೆ ಅರ್ಜಿ. ಹೊಲಿಗೆ ಕೆಲಸ ಮಾಡುವ ಒಬ್ಬರು ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಬಂದರು, ಆಮೇಲೆ ನಿಲ್ಲಿಸಿಬಿಟ್ಟರು. ಗಾಂಧಿ ಬಜಾರಿನಲ್ಲಿ ಸಿಕ್ಕಾಗ ಯಾಕೆ ಅಂತ ಕೇಳಿದೆ. "ಬೇರೆ ಊರಿಂದ ಬ್ಲೌಸ್ ಆರ್ಡರ್ ಮಾಡೋರಿಗೆ ಅಳತೆ ಕೇಳಿ ವಾಟ್ಸಾಪ್ ಮಾಡೋದು ನಂಗೆ ಬೇಕಿತ್ತು ಮೇಡಂ. ಅದು ಯಾವಾಗ ಬರುತ್ತೆ ಅಂತ ಕಾದೆ" ಅಂದರು. ಅಳತೆ ಕೇಳುವ ಮೆಸೇಜು ಅಂದರೆ ಹೆಚ್ಚೆಂದರೆ ಹದಿನೈದು ವಾಕ್ಯ. ಮೊದಲ ದಿನವೇ ಹೇಳಿಕೊಡಬಹುದಿತ್ತು. ಅವರು ಸುಮ್ಮನೆ ಕಾದ ಆ ಎರಡು ತಿಂಗಳು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಅವತ್ತಿಂದ ಮೊದಲ ದಿನ ಪಾಠವೇ ಮಾಡುವುದಿಲ್ಲ. ಕೂರಿಸಿಕೊಂಡು ಕನ್ನಡದಲ್ಲಿ ಮಾತಾಡಿಸುತ್ತೇನೆ.

ನಂಗೆ ಗುರಿ ಅಂತ ಏನೂ ಇಲ್ಲ. ಸುಮ್ನೆ ನಾಲ್ಕು ಜನರ ಮಧ್ಯೆ ಮಾತಾಡೋಕೆ ಬಂದ್ರೆ ಸಾಕು.

ಆ ನಾಲ್ಕು ಜನ ಯಾರು ಅಂತ ನಿಮಗೆ ಗೊತ್ತಿರುತ್ತದೆ, ಹೇಳಿಕೊಳ್ಳಲು ಸಂಕೋಚ ಅಷ್ಟೆ. ನಾದಿನಿಯ ಗಂಡನ ಮನೆಯವರೋ, ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರೋ, ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರೋ ಇರಬಹುದು. ಒಂದು ವಾರ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಇಂಗ್ಲಿಷ್ ಬರದೆ ಎಲ್ಲೆಲ್ಲಿ ಮಾತು ನಿಂತಿತೋ, ಎಲ್ಲೆಲ್ಲಿ ಬೇರೆಯವರ ಕೈಗೆ ಫೋನ್ ಕೊಟ್ಟಿರೋ, ಎಲ್ಲಿ ಓದಲಾಗದೆ ಕಾಗದ ಮಡಚಿಟ್ಟಿರೋ, ಅಷ್ಟನ್ನೂ ಕನ್ನಡದಲ್ಲೇ ಬರೆಯಿರಿ. ಏಳು ದಿನ ಬರೆದ ಮೇಲೆ ನೋಡಿದರೆ ಒಂದೇ ಜಾಗ ಮೂರು-ನಾಲ್ಕು ಸಲ ಬಂದಿರುತ್ತದೆ. ಗುರಿ ಅಲ್ಲಿದೆ.

ನಂಗೀಗ 52 ವರ್ಷ. ಈಗ ತಲೆಗೆ ಹತ್ತುತ್ತಾ?

ಹತ್ತುತ್ತದೆ. ಉಚ್ಚಾರಣೆಯಲ್ಲಿ ಮಕ್ಕಳು ಮುಂದೆ ಇರುತ್ತಾರೆ, ಅದು ನಿಜ. ಆದರೆ ಯಾಕೆ ಕಲಿಯುತ್ತಿದ್ದೇನೆ ಅಂತ ಮಕ್ಕಳಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಲೋಕದ ವ್ಯವಹಾರವೂ ಗೊತ್ತು. ಬಿಲ್ಲು ಅಂದರೇನು, ಚೌಕಾಸಿ ಅಂದರೇನು, ರೋಗಿಗೆ ಧೈರ್ಯ ಹೇಳುವುದು ಹೇಗೆ ಅಂತ ನಿಮಗೆ ಯಾರೂ ಕಲಿಸಬೇಕಾಗಿಲ್ಲ, ಅದರ ಇಂಗ್ಲಿಷ್ ಮಾತು ಸೇರಿಸಿಕೊಂಡರಾಯಿತು. ಒಂದು ಮಾತ್ರ ಮಾಡಬೇಡಿ: ಮಗಳ ಎರಡನೇ ಕ್ಲಾಸಿನ ಪುಸ್ತಕ ತೆಗೆದುಕೊಂಡು ಕೂರಬೇಡಿ. ಅದರಲ್ಲಿರುವ ಇಂಗ್ಲಿಷ್ ಅವಳಿಗೆ ಬೇಕಾದದ್ದು.

ಕನ್ನಡ ಮೀಡಿಯಂನಲ್ಲಿ ಓದಿದ್ದು. ಮೊದಲು ಗ್ರಾಮರ್ ಮುಗಿಸ್ಬೇಕಲ್ವಾ?

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಅದಕ್ಕೂ ಮೊದಲು ಓದಿದವರು ಎ ಬಿ ಸಿ ಬರೆದದ್ದೇ ಐದನೇ ಕ್ಲಾಸಿನಲ್ಲಿ. ಹಾಗಾಗಿ ನಾಚಿಕೆ ಬೇಡ.

ಗ್ರಾಮರ್ "ಮುಗಿಸುವುದು" ಅಂತ ಇಲ್ಲ. ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳುವುದು. ಗೆಸ್ಟಿಗೆ ನಿನ್ನೆ ಮಳೆ ಬಂದಿದ್ದು ಹೇಳಬೇಕಾ, ಆಗ ಪಾಸ್ಟ್ ಟೆನ್ಸ್. ಇಂಟರ್‌ವ್ಯೂನಲ್ಲಿ ಮೂರು ವರ್ಷದಿಂದ ಮಾಡುತ್ತಿರುವ ಕೆಲಸ ಹೇಳಬೇಕಾ, ಆಗ "ಹ್ಯಾವ್ ಬೀನ್". ಕನ್ನಡದವರಿಗೆ ಎಡವುವ ಜಾಗ ಬೇರೆಯೇ ಇದೆ, ಅದನ್ನು ಮೊದಲು ಸರಿ ಮಾಡಿಕೊಂಡರೆ ಲಾಭ ಜಾಸ್ತಿ. ನಾವು ಕ್ರಿಯಾಪದ ಕೊನೆಗೆ ಇಡುತ್ತೇವೆ, ಅವರು ನಡುವೆ ಇಡುತ್ತಾರೆ. ನಮ್ಮಲ್ಲಿ "ಮನೆಯಲ್ಲಿ", "ಮನೆಗೆ", "ಮನೆಯಿಂದ" ಅಂತ ಪ್ರತ್ಯಯ ಪದದ ಕೊನೆಗೆ ಅಂಟುತ್ತದೆ, ಅವರಲ್ಲಿ ಇನ್, ಟು, ಫ್ರಮ್ ಪದಕ್ಕಿಂತ ಮೊದಲು ಬಂದು ಬಿಡಿಯಾಗಿ ನಿಲ್ಲುತ್ತದೆ. "ಅವನಿಗೆ ಹೇಳಿದೆ" ಅನ್ನುವುದನ್ನು ಹಾಗೇ ಎತ್ತಿಕೊಂಡು ಹೋಗಿ "ಐ ಟೋಲ್ಡ್ ಟು ಹಿಮ್" ಅನ್ನುತ್ತೇವೆ. ಅಲ್ಲಿ ಆ "ಟು" ಬೇಡ.

ಮೂವತ್ತು ದಿನದಲ್ಲಿ ಇಂಗ್ಲಿಷ್ ಅಂತ ಬೋರ್ಡ್ ನೋಡಿದೆ. ಆಗುತ್ತಾ?

ಯಾವ ಇಂಗ್ಲಿಷ್ ಅನ್ನುವುದರ ಮೇಲಿದೆ. ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ, ಭಾಷೆ ಎಷ್ಟು ಬರುತ್ತದೆ ಅಂತ ನೋಡುವ ಆರು ಮೆಟ್ಟಿಲಿನ ಅಳತೆ ಒಂದಿದೆ, ಕೆಳಗಿನ ಎ-1ರಿಂದ ಮೇಲಿನ ಸಿ-2ವರೆಗೆ. ಕೇಂಬ್ರಿಜ್ ಪರೀಕ್ಷೆ ನಡೆಸುವವರ ಅಂದಾಜಿನಲ್ಲಿ, ಏನೂ ಬಾರದವರು ಎ-2 ಮುಟ್ಟಲು ಸುಮಾರು 180ರಿಂದ 200 ಗಂಟೆ ಪಾಠ ಬೇಕು, ಬಿ-1ಕ್ಕೆ 350ರಿಂದ 400, ಬಿ-2ಕ್ಕೆ 500ರಿಂದ 600. ದಿನಕ್ಕೊಂದು ಗಂಟೆಯಂತೆ ಮೂವತ್ತು ದಿನ ಅಂದರೆ ಬರೀ ಮೂವತ್ತು ಗಂಟೆ. ಅದರಲ್ಲಿ "ಇಂಗ್ಲಿಷ್" ಬರುವುದಿಲ್ಲ. ಆದರೆ ಬ್ಲೌಸ್ ಅಳತೆ ಕೇಳುವುದು ಬರುತ್ತದೆ, ಹೋಮ್‌ಸ್ಟೇಗೆ ದಾರಿ ಹೇಳುವುದು ಬರುತ್ತದೆ. ಚಿಕ್ಕ ಗುರಿ ಇಟ್ಟುಕೊಂಡವರಿಗೆ ಮೂವತ್ತು ಗಂಟೆ ಕಮ್ಮಿ ಏನಲ್ಲ.

ಒಟ್ಟು ಎಷ್ಟು ಪದ ಬಾಯಿಪಾಠ ಮಾಡ್ಬೇಕು?

ಢಾಕಾದಲ್ಲಿ ಬಹಳ ವರ್ಷ ಕೆಲಸ ಮಾಡಿದ ಮೈಕಲ್ ವೆಸ್ಟ್ ಅನ್ನುವ ಶಿಕ್ಷಕರು 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2000 ಇಂಗ್ಲಿಷ್ ಪದಗಳ ಪಟ್ಟಿ ಹೊರತಂದರು. ದಿನದ ಮಾತಿನ ಬಹುಪಾಲು ಅಷ್ಟರಲ್ಲೇ ನಡೆಯುತ್ತದೆ. ಅದರಲ್ಲಿ ಎಷ್ಟೋ ಪದ ಈಗಲೇ ನಿಮ್ಮ ಬಾಯಲ್ಲಿವೆ: ಟೈಮು, ಲೇಟು, ರೇಟು, ಲೈನು, ಚೇಂಜು, ಫುಲ್ಲು. ಆ ಪಟ್ಟಿಯ ಮೇಲೆ ನಿಮ್ಮ ಕೆಲಸದ ನೂರೈವತ್ತು-ಇನ್ನೂರು ಪದ ಸೇರಿಸಿ. ಬಿಡಿ ಪದ ಉರು ಹೊಡೆಯಬೇಡಿ, ನೀವು ನಿಜವಾಗಿ ಆಡುವ ಒಂದು ವಾಕ್ಯದ ಜೊತೆ ಇಟ್ಟುಕೊಳ್ಳಿ.

## ಅವರವರ ಕೆಲಸ, ಅವರವರ ಇಂಗ್ಲಿಷ್

ಹೋಮ್‌ಸ್ಟೇ ಇಟ್ಕೊಂಡಿದೀವಿ. ಗೆಸ್ಟ್ ಬಂದಾಗೆಲ್ಲ ಮಗನ್ನ ಕರೀಬೇಕಾಗುತ್ತೆ. ನಾನೇ ಮಾತಾಡೋದು ಹೇಗೆ?

ತೀರ್ಥಹಳ್ಳಿ, ಆಗುಂಬೆ, ಸಾಗರ, ಬಿದನೂರು ನಗರ ಕಡೆಯಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಕೇಳುವವರು ಹೆಚ್ಚಾಗಿ ಅಡುಗೆಮನೆ ನೋಡಿಕೊಳ್ಳುವ ಹೆಂಗಸರು. ಗೆಸ್ಟ್ ಮಾತಾಡಬೇಕು ಅಂತ ಬಂದಿರುವುದೂ ಅವರ ಹತ್ತಿರವೇ. ಕಡುಬು ಹೇಗೆ ಮಾಡಿದಿರಿ ಅಂತ ಮಗನನ್ನು ಕೇಳಿದರೆ ಅವನಿಗೇನು ಗೊತ್ತು?

ಮೊದಲು ಗೆಸ್ಟ್ ಬಂದು ಹೋಗುವವರೆಗಿನ ಒಂದು ದಿನವನ್ನು ಕನ್ನಡದಲ್ಲೇ ತುಂಡು ಮಾಡುತ್ತೇವೆ. ದಾರಿ ಕೇಳಿ ಫೋನ್ ಬರುತ್ತದೆ. ಬಂದಿಳಿಯುತ್ತಾರೆ. ಕಾಫಿಯೋ ಕಷಾಯವೋ ಕೇಳಬೇಕು. ಬಚ್ಚಲು ಒಲೆಯ ಬಿಸಿನೀರು ತೋರಿಸಬೇಕು. ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಇಲ್ಲ ಅನ್ನುತ್ತಾರೆ. ತೋಟಕ್ಕೆ ಹೋಗಿ ಬಂದು ಕಾಲಲ್ಲಿ ಉಂಬಳ ನೋಡಿ ಕಿರುಚುತ್ತಾರೆ. ಊಟ, ಹಾಸಿಗೆ, ಮಾರನೇ ದಿನದ ಸುತ್ತಾಟ, ದುಡ್ಡು, ಹೊರಡುವುದು. ಎಲ್ಲ ಸೇರಿ ಹತ್ತು-ಹನ್ನೆರಡು ತುಂಡು. ವಾರಕ್ಕೆ ಎರಡು ತುಂಡು ಹಿಡಿದರೆ ಒಂದೂವರೆ ತಿಂಗಳ ಪಾಠ. ಉಂಬಳದ ತುಂಡಿಗೆ "ಇಟ್ಸ್ ಎ ಲೀಚ್, ನೋ ಪಾಯ್ಸನ್, ಡೋಂಟ್ ವರಿ" ಅಂದರೆ ಆಯಿತು. ಅದನ್ನು ಗಾಬರಿಯಾದ ಮನುಷ್ಯನಿಗೆ ಹೇಳುವ ದನಿಯಲ್ಲಿ ಹೇಳಿ ಅಭ್ಯಾಸ ಮಾಡಬೇಕು.

ಇಲ್ಲಿ ಒಂದು ಮುಖ್ಯ ವಿಷಯ ಇದೆ, ದಯವಿಟ್ಟು ಗಮನಿಸಿ. ನಮ್ಮ ಮರ್ಯಾದೆ ಕ್ರಿಯಾಪದದ ಬಾಲದಲ್ಲಿದೆ. ಬಾ ಬೇರೆ, ಬನ್ನಿ ಬೇರೆ. ಕೂತ್ಕೊ ಬೇರೆ, ಕೂತ್ಕೊಳ್ಳಿ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ "ಕಮ್", ಒಂದೇ "ಸಿಟ್". ಹಾಗಾಗಿ "ಊಟ ಮಾಡಿ, ಇನ್ನೊಂದು ಹಾಕಿಸ್ಕೊಳ್ಳಿ" ಅಂತ ಅಷ್ಟು ಪ್ರೀತಿಯಿಂದ ಹೇಳುವವರು "ಈಟ್, ಟೇಕ್ ಒನ್ ಮೋರ್" ಅಂದಾಗ ಕೇಳುವವರ ಕಿವಿಗೆ ಅದು ಅಪ್ಪಣೆಯ ಹಾಗೆ ಬೀಳುತ್ತದೆ. ಆ ಭಾಷೆಯಲ್ಲಿ ಮರ್ಯಾದೆ ವಾಕ್ಯದ ಶುರುವಿನಲ್ಲಿ ಬರುತ್ತದೆ: "ವುಡ್ ಯು ಲೈಕ್ ಸಮ್ ಮೋರ್?", "ಶಲ್ ಐ ಬ್ರಿಂಗ್ ಹಾಟ್ ವಾಟರ್?", "ಕುಡ್ ಯು ಪ್ಲೀಸ್ ಲೀವ್ ದ ಶೂಸ್ ಔಟ್‌ಸೈಡ್?" ಈ ಮೂರು ಶುರುವನ್ನು ಬಾಯಿಗೆ ಹತ್ತಿಸಿಕೊಂಡರೆ ನಿಮ್ಮ ಉಪಚಾರ ಇಂಗ್ಲಿಷಿನಲ್ಲೂ ಉಪಚಾರವಾಗಿಯೇ ಕೇಳುತ್ತದೆ.

ತಿಂಡಿ ಹೆಸರು ಬದಲಾಯಿಸಬೇಡಿ. ಕಡುಬು ಕಡುಬೇ, ಪತ್ರೊಡೆ ಪತ್ರೊಡೆಯೇ. ಹೆಸರು ಹೇಳಿ, ಪಕ್ಕದಲ್ಲಿ ಏನಿಂದ ಮಾಡಿದ್ದು ಅಂತ ಒಂದು ವಾಕ್ಯ ಸೇರಿಸಿ: ಅಕ್ಕಿ, ಹಬೆಯಲ್ಲಿ ಬೇಯಿಸಿದ್ದು. ಕಳಲೆಗೆ "ಬ್ಯಾಂಬೂ ಶೂಟ್", ಅಪ್ಪೆಮಿಡಿಗೆ "ಟೆಂಡರ್ ಮ್ಯಾಂಗೋ". ಹಸಿಮೆಣಸು ಜಾಸ್ತಿ ಇದ್ದರೆ "ಸ್ಪೈಸಿ" ಅಂತ ಮೊದಲೇ ಹೇಳಿಬಿಡಿ.

ನಾನು ಅಡಿಕೆ ಬೆಳೆಗಾರ. ಇಂಗ್ಲಿಷ್ ಮಾತಾಡೋ ಪ್ರಸಂಗವೇ ಬರಲ್ಲ, ಆದ್ರೆ ಔಷಧಿ ಡಬ್ಬಿ ಮೇಲಿನದ್ದು ಓದೋಕಾಗಲ್ಲ.

ಹಾಗಾದರೆ ನೀವು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ನಿಮಗೆ ಬೇಕಾಗಿರುವುದು ಓದು ಮಾತ್ರ, ಅದೂ ಒಂದೇ ಬಗೆಯ ಓದು. ಡಬ್ಬಿ ತನ್ನಿ, ಅದೇ ನಮ್ಮ ಪಠ್ಯ. ಚೌಕದೊಳಗಿನ ಬಣ್ಣ ಮೊದಲು: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಆಮೇಲೆ ಪದಗಳು: ಡೋಸ್, ಡೈಲ್ಯೂಷನ್, ಎಕ್ಸ್‌ಪೈರಿ, ವೇಟಿಂಗ್ ಪೀರಿಯಡ್, ಆಂಟಿಡೋಟ್. "ಡೂ ನಾಟ್" ಎಲ್ಲಿದೆಯೋ ಅದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ, ಅದು ಮಾಡಬಾರದ್ದು. ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ನಿಮಗೆ ಗೊತ್ತೇ ಇದೆ. ಆ ಲೆಕ್ಕ ಗೊತ್ತಿರುವುದರಿಂದ ಲೇಬಲ್ಲಿನ ಲೆಕ್ಕ ಬೇಗ ಹಿಡಿಯುತ್ತದೆ.

ಇನ್ನೊಂದು ಮಾತು. ಅಡಿಕೆಯ ಕೊಳೆ ರೋಗಕ್ಕೆ ಇಂಗ್ಲಿಷ್ ವಿಜ್ಞಾನ ಪುಸ್ತಕಗಳಲ್ಲೂ "ಕೊಳೆರೋಗ" ಅಂತಲೇ ಹೆಸರಿದೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆಯನ್ನು ಜಗತ್ತಿನ ಡಾಕ್ಟರುಗಳೆಲ್ಲ ಆ ಊರಿನ ಹೆಸರಿಂದಲೇ ಕರೆಯುತ್ತಾರೆ. ನಮ್ಮ ಮಾತೂ ಆ ಭಾಷೆಗೆ ಹೋಗಿದೆ. ಇದು ಹೇಳಿದಾಗ ಬೆಳೆಗಾರರ ಮುಖ ಅರಳುವುದನ್ನು ನೋಡಿದ್ದೇನೆ.

ಮಗಳು ಇಂಗ್ಲಿಷ್ ಮೀಡಿಯಂ. ಡೈರಿ ಓದೋಕಾಗಲ್ಲ, ಮೀಟಿಂಗಲ್ಲಿ ಬಾಯಿ ಬರಲ್ಲ.

ಎರಡು ಬೇರೆ ಗುರಿ, ಬೇರೆ ಬೇರೆ ಮಾಡೋಣ. ಡೈರಿಯ ಇಂಗ್ಲಿಷ್ ತುಂಬ ಚಿಕ್ಕದು, ವರ್ಷವಿಡೀ ಅದೇ ನಲವತ್ತು-ಐವತ್ತು ಮಾತು ತಿರುಗುತ್ತಿರುತ್ತವೆ: ಕೈಂಡ್ಲಿ, ಸಬ್ಮಿಟ್, ಸೈನ್, ಆನ್ ಆರ್ ಬಿಫೋರ್. ಹಳೇ ಡೈರಿ ತಂದರೆ ಮೂರು ವಾರದಲ್ಲಿ ಮುಗಿಯುತ್ತದೆ. ಮೀಟಿಂಗಿಗೆ ನಾಲ್ಕು ಪ್ರಶ್ನೆ ಕಲಿಯಿರಿ, ಓದು ಹೇಗಿದೆ, ಯಾವುದರಲ್ಲಿ ಹಿಂದೆ, ಯಾರ ಜೊತೆ ಬೆರೆಯುತ್ತಾಳೆ, ಮನೆಯಲ್ಲಿ ನಾನೇನು ಮಾಡಲಿ. ಉತ್ತರ ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿ ಅಂತ ಕೇಳುವುದು ನಿಮ್ಮ ಹಕ್ಕು. ಅದಕ್ಕೆ ತಲೆ ತಗ್ಗಿಸಬೇಡಿ.

ನರ್ಸಿಂಗ್ ಮುಗಿಸಿದೀನಿ, ಹೊರದೇಶಕ್ಕೆ ಹೋಗ್ಬೇಕು. ಐಇಎಲ್‌ಟಿಎಸ್ಸಾ, ಓಇಟೀನಾ?

ಎರಡೂ ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗಳು. ಮೊದಲು ದೇಶ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಜರ್ಮನಿ ಅಂದರೆ ಇಂಗ್ಲಿಷ್ ಅಲ್ಲವೇ ಅಲ್ಲ, ಜರ್ಮನ್ ಭಾಷೆ ಕಲಿಯಬೇಕು. ಇದು ಗೊತ್ತಿಲ್ಲದೆ ಆರು ತಿಂಗಳು ಐಇಎಲ್‌ಟಿಎಸ್ ಕಲಿತು ಕೂತವರನ್ನು ಕಂಡು ಹೇಳುತ್ತಿದ್ದೇನೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎರಡೂ ಪರೀಕ್ಷೆ ಒಪ್ಪುತ್ತದೆ.

ಐಇಎಲ್‌ಟಿಎಸ್ ಎಲ್ಲರಿಗೂ ಇರುವ ಪರೀಕ್ಷೆ. ಮಾತಿನ ಭಾಗ 11ರಿಂದ 14 ನಿಮಿಷ, ನಿಮ್ಮ ಊರು, ಹವ್ಯಾಸ, ಯಾವುದೋ ಒಂದು ವಿಷಯ ಕೊಟ್ಟು ಮಾತಾಡಿಸುತ್ತಾರೆ. ಬರವಣಿಗೆಯಲ್ಲಿ 60 ನಿಮಿಷಕ್ಕೆ ಎರಡು ಬರಹ, ಒಂದು ಕನಿಷ್ಠ 150 ಪದ, ಇನ್ನೊಂದು ಕನಿಷ್ಠ 250. ಓಇಟಿ ಆಸ್ಪತ್ರೆ ಕೆಲಸದವರಿಗೇ ಮಾಡಿದ್ದು, ನರ್ಸುಗಳದ್ದು ಸೇರಿ 12 ವೃತ್ತಿಗೆ ಬೇರೆ ಬೇರೆ ಇದೆ. ಅಲ್ಲಿ ನೀವು ನರ್ಸು, ಎದುರಿಗೆ ಕೂತವರು ರೋಗಿಯೋ ರೋಗಿಯ ಕಡೆಯವರೋ ಆಗಿರುತ್ತಾರೆ, ಹಾಗೆ ಎರಡು ಪ್ರಸಂಗ. ಬರವಣಿಗೆಯಲ್ಲಿ ರೋಗಿಯ ನೋಟ್ಸ್ ಓದಿ ಪತ್ರ ಬರೆಯಬೇಕು, ಒಟ್ಟು 45 ನಿಮಿಷ.

ನನ್ನ ಅಭಿಪ್ರಾಯ ಕೇಳಿದರೆ, ವಾರ್ಡಿನಲ್ಲಿ ಎರಡು-ಮೂರು ವರ್ಷ ಕೆಲಸ ಮಾಡಿದವರಿಗೆ ಓಇಟಿ ಹತ್ತಿರ. ರೋಗಿಗೆ ಸಮಾಧಾನ ಹೇಳುವುದು ಅವರ ರಕ್ತದಲ್ಲೇ ಇರುತ್ತದೆ, ಭಾಷೆ ಬದಲಾಗಬೇಕು ಅಷ್ಟೆ. ಈಗ ತಾನೇ ಕಾಲೇಜು ಮುಗಿಸಿದವರಿಗೆ ಹಾಗೆ ಹೇಳಲಾರೆ. ಶುಲ್ಕ ಎಷ್ಟು, ಎಷ್ಟು ಅಂಕ ಬೇಕು ಅನ್ನುವುದನ್ನು ಏಜೆಂಟರ ಬಾಯಿಂದ ನಂಬಬೇಡಿ, ಆ ದೇಶದ ಕೌನ್ಸಿಲ್ ಬರೆದಿರುವುದನ್ನೇ ಓದಿ. ಅದನ್ನು ಓದುವುದೂ ನಮ್ಮಲ್ಲಿ ಒಂದು ಪಾಠ.

ಬೆಂಗಳೂರಲ್ಲಿ ಇಂಟರ್‌ವ್ಯೂ ಇದೆ. ಸೆಲ್ಫ್ ಇಂಟ್ರಡಕ್ಷನ್ ಬರೆದು ಕೊಡ್ತೀರಾ?

ಬರೆದು ಕೊಡುವುದಿಲ್ಲ. ಉರು ಹೊಡೆದದ್ದು ಮಧ್ಯೆ ಒಂದು ಪ್ರಶ್ನೆ ಬಿದ್ದರೆ ಹಾರಿಹೋಗುತ್ತದೆ. ನೀವು ಕೈಯಾರೆ ಮಾಡಿದ ಒಂದು ಕೆಲಸ, ಅದರಲ್ಲಿ ಬಂದ ಒಂದು ತೊಂದರೆ, ಅದನ್ನು ಬಿಡಿಸಿದ ರೀತಿ, ಇವನ್ನು ಮೊದಲು ಕನ್ನಡದಲ್ಲಿ ನನಗೆ ಹೇಳಿ. ಆಮೇಲೆ ಇಂಗ್ಲಿಷಿಗೆ ತರೋಣ. "ಮೈಸೆಲ್ಫ್" ಅಂತ ಶುರು ಮಾಡಬೇಡಿ, "ಐ ಆಮ್" ಸಾಕು. "ಐ ಆಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯನ್ಸ್" ಬೇಡ, "ಐ ಹ್ಯಾವ್" ಅನ್ನಿ.

## ದಿನದ ಅಭ್ಯಾಸ

ಎಲ್ಲಾ ಅರ್ಥ ಆಗುತ್ತೆ, ಆದ್ರೆ ಬಾಯಿಗೆ ಬರಲ್ಲ. ಯಾಕೆ?

ಕೇಳಿದ್ದನ್ನು ಗುರುತಿಸುವುದು ಒಂದು ಕೆಲಸ, ಬೇಕಾದಾಗ ಹುಡುಕಿ ತೆಗೆಯುವುದು ಇನ್ನೊಂದು. ಎರಡನೆಯದಕ್ಕೆ ಬಾಯಿಗೇ ಅಭ್ಯಾಸ ಬೇಕು. ಹೀಗೆ ಮಾಡಿ. ನಿಮ್ಮ ಕೆಲಸದ ಒಂದು ವಿಷಯ ಹಿಡಿದು ನಾಲ್ಕು ನಿಮಿಷ ಜೋರಾಗಿ ಹೇಳಿ. ಅದನ್ನೇ ಮೂರು ನಿಮಿಷದಲ್ಲಿ ಹೇಳಿ. ಆಮೇಲೆ ಎರಡು ನಿಮಿಷದಲ್ಲಿ. ವಿಷಯ ಅದೇ ಆದ್ದರಿಂದ ಮೂರನೇ ಸಲಕ್ಕೆ ತಡವರಿಕೆ ತಾನಾಗಿ ಕಮ್ಮಿಯಾಗುತ್ತದೆ. ಕೇಳುವವರು ಯಾರೂ ಇಲ್ಲದಿದ್ದರೆ ಫೋನಿಗೆ ರೆಕಾರ್ಡ್ ಮಾಡಿ.

ನಾನು ಮಾತಾಡಿದ್ರೆ ನಗ್ತಾರೆ. ಉಚ್ಚಾರಣೆ ಪೂರ್ತಿ ಬದಲಾಯಿಸ್ಬೇಕಾ?

ಬೇಡ. ಕನ್ನಡದ ಧಾಟಿ ಇದ್ದರೆ ಯಾವ ನಷ್ಟವೂ ಇಲ್ಲ. ಅರ್ಥ ಕೆಡಿಸುವ ಜಾಗ ಮಾತ್ರ ಸರಿ ಮಾಡಿಕೊಳ್ಳಿ. ನಾವು ಶುರುವಿನ "ಎ"ಗೆ ಒಂದು "ಯ" ಸೇರಿಸುತ್ತೇವೆ, ಎಗ್ ಹೋಗಿ ಯೆಗ್ ಆಗುತ್ತದೆ. "ಒ"ಗೆ "ವ" ಸೇರಿಸುತ್ತೇವೆ, ಪದದ ಕೊನೆಗೆ "ಉ" ಸೇರಿಸುತ್ತೇವೆ, ಬ್ಯಾಂಕು, ಬಸ್ಸು. ಇವುಗಳಿಂದ ಮಾತು ಕೆಡುವುದು ಕಮ್ಮಿ. ಕೆಡಿಸುವುದು ಒತ್ತು. ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡುತ್ತೇವೆ, ಇಂಗ್ಲಿಷಿನಲ್ಲಿ ಒಂದು ಭಾಗ ಏಳುತ್ತದೆ, ಉಳಿದದ್ದು ಇಳಿಯುತ್ತದೆ. ಫಿಫ್ಟೀನ್ ಅಂದಾಗ ಕೊನೆಯ ಭಾಗ ಎಳೆದು ಒತ್ತಿ, ಫಿಫ್ಟಿ ಅಂದಾಗ ಮೊದಲನೇ ಭಾಗ. ರೂಮಿನ ಬಾಡಿಗೆ ಹೇಳುವವರು ಇದನ್ನು ಬಿಡಬಾರದು. ಅನುಮಾನ ಇದ್ದರೆ ಬೆರಳಿನಲ್ಲಿ ತೋರಿಸಿ ಅಥವಾ ಬರೆದುಕೊಡಿ, ಅದರಲ್ಲಿ ಅವಮಾನ ಇಲ್ಲ.

ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ ಫೈನ್ ಹಾಕೋ ಕಡೆ ಹೋಗಿದ್ದೆ. ಅದು ಸರೀನಾ?

ಸರಿಯಲ್ಲ, ಇದರಲ್ಲಿ ನನಗೆ ಎರಡು ಮಾತಿಲ್ಲ. ದೊಡ್ಡವರ ಬಾಯಿ ಮುಚ್ಚಿಸಿ ಮಾತು ಕಲಿಸಲು ಆಗುವುದಿಲ್ಲ. ನಿಮ್ಮ ಕಷ್ಟ ಏನು, ಗುರಿ ಏನು ಅಂತ ಹೇಳಲು ನಿಮಗಿರುವ ಭಾಷೆ ಕನ್ನಡ. ಅಭ್ಯಾಸದ ಹೊತ್ತು ಇಂಗ್ಲಿಷಿನಲ್ಲೇ ಇರೋಣ. ಅನುಮಾನ ಬಂದರೆ ಕನ್ನಡದಲ್ಲಿ ಕೇಳಿ, ಉತ್ತರ ತಗೊಂಡು ವಾಪಸ್ ಬನ್ನಿ.

ಕೊಯ್ಲಿನ ಟೈಮಲ್ಲಿ ಕೂರೋಕೆ ಪುರುಸೊತ್ತಿಲ್ಲ. ಬಿಟ್ಟು ಆಮೇಲೆ ಶುರು ಮಾಡ್ಲಾ?

ಪೂರ್ತಿ ಬಿಡಬೇಡಿ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ ಹಾಗೆ, ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಸೋರುತ್ತದೆ, ನಡುನಡುವೆ ನೆನಪಿಸಿಕೊಂಡರೆ ಉಳಿಯುತ್ತದೆ. ಇವತ್ತು ಕಲಿತದ್ದನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು ಐದೈದು ನಿಮಿಷ ಹೇಳಿಕೊಳ್ಳಿ. ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಕಿವಿಗೆ ಬಿಡುವು. ಆಗ ಕೇಳಲು ಎರಡು-ಮೂರು ನಿಮಿಷದ ರೆಕಾರ್ಡಿಂಗ್ ಮಾಡಿ ಕಳಿಸುತ್ತೇನೆ. ನೆಟ್‌ವರ್ಕ್ ಇಲ್ಲದ ಊರಿನವರು ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತಾರೆ.

ಫೋನಲ್ಲಿ ಎಐ ಇದೆ, ಅದ್ರ ಜೊತೆ ಮಾತಾಡಿದ್ರೆ ಸಾಕಲ್ವಾ?

ಅಭ್ಯಾಸಕ್ಕೆ ಒಳ್ಳೆಯದು. "ನೀನು ಹೈದರಾಬಾದಿಂದ ಬಂದ ಗೆಸ್ಟು, ನನ್ನನ್ನು ದಾರಿ ಕೇಳು" ಅಂತ ಹೇಳಿದರೆ ಕೇಳುತ್ತದೆ, ಎಷ್ಟು ಸಲ ತಪ್ಪಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ನಿಮ್ಮ ಗುರಿ ಏನು ಅಂತ ನೀವು ಹೇಳಿದರಷ್ಟೇ ಅದಕ್ಕೆ ಗೊತ್ತು. ಎದುರಿಗೆ ಜೀವಂತ ಮನುಷ್ಯ ಕೂತಾಗ ಬರುವ ಎದೆಬಡಿತಕ್ಕೂ ಅಭ್ಯಾಸ ಬೇಕು, ಅದು ಫೋನಿನಲ್ಲಿ ಆಗುವುದಿಲ್ಲ.

## ಕಲಿಸುವವರಿಗೆ, ಮುಂದೆ ಹೋದವರಿಗೆ

ನಾನೂ ಟೀಚರ್. ಹನ್ನೆರಡು ಜನಕ್ಕೆ ಹನ್ನೆರಡು ಗುರಿ ಇದ್ರೆ ಬ್ಯಾಚ್ ನಡ್ಸೋದು ಹೇಗೆ?

ಗುರಿ ಬೇರೆ ಇದ್ದರೂ ಮಾತಿನ ಕೆಲಸ ಒಂದೇ ಇರುತ್ತದೆ. ಒಂದು ವಾರ "ಕೇಳುವುದು" ಅಂತ ಇಟ್ಟುಕೊಳ್ಳಿ. ಹೋಮ್‌ಸ್ಟೇಯವರು ಗೆಸ್ಟನ್ನು ಎಷ್ಟು ಗಂಟೆಗೆ ಊಟ ಅಂತ ಕೇಳುತ್ತಾರೆ, ನರ್ಸು ರೋಗಿಯನ್ನು ಎಲ್ಲಿ ನೋವು ಅಂತ, ಹೊಲಿಗೆಯವರು ತೋಳಿನ ಅಳತೆ ಎಷ್ಟು ಅಂತ. ವಾಕ್ಯದ ಅಚ್ಚು ಒಂದೇ, ತುಂಬುವ ಹಿಟ್ಟು ಬೇರೆ. ಮುಂದಿನ ವಾರ "ದಾರಿ ಹೇಳುವುದು", ಅದರ ಮುಂದೆ "ಇಲ್ಲ ಅನ್ನುವುದು". ಒಂದು ಗಂಟೆಯಲ್ಲಿ ಮೂವತ್ತೈದು ನಿಮಿಷ ಅಚ್ಚಿಗೆ, ಉಳಿದದ್ದು ಅವರವರು ತಮ್ಮ ಹಿಟ್ಟು ತುಂಬಲು. ಆಗ ನೀವು ಒಬ್ಬೊಬ್ಬರ ಪಕ್ಕ ಹೋಗಿ ಕೂರಿ. ಪಠ್ಯ ಅವರೇ ತರಲಿ, ಡಬ್ಬಿ, ಡೈರಿ, ಬುಕಿಂಗ್ ಮೆಸೇಜು, ಏನಿದೆಯೋ ಅದು.

ಬೇಕಾದದ್ದು, ಅದರಲ್ಲಿ ಇನ್ನೂ ಬಾರದ್ದು, ಆಸೆ, ಈ ಮೂರನ್ನೂ ಬೇರೆ ಮಾಡಿ ಬರೆದಿಟ್ಟುಕೊಳ್ಳಿ. ಬ್ಯಾಂಕಿನ ಸೆಕ್ಯುರಿಟಿಯವರಿಗೆ ಬೇಕಾದದ್ದು "ಪ್ಲೀಸ್ ವೇಟ್ ಹಿಯರ್". ಅವರ ಆಸೆ ಕ್ರಿಕೆಟ್ ಕಾಮೆಂಟರಿ ಅರ್ಥವಾಗಬೇಕು ಅನ್ನುವುದು. ಬೇಕಾದದ್ದನ್ನಷ್ಟೇ ಕಲಿಸಿ ಆಸೆಯನ್ನು ಬಿಟ್ಟರೆ ಮನುಷ್ಯ ಎರಡನೇ ತಿಂಗಳಿಗೆ ಬರುವುದಿಲ್ಲ. ವಾರಕ್ಕೆ ಹತ್ತು ನಿಮಿಷ ಕಾಮೆಂಟರಿ ಕೇಳಿಸಿ.

ಪರೀಕ್ಷೆ ಇಲ್ದೆ ಕಲಿತಿದ್ದಾರೋ ಇಲ್ವೋ ಅಂತ ಹೇಗೆ ತಿಳಿಯೋದು?

ಮೊದಲ ದಿನ ಅವರ ಗುರಿಯ ಪ್ರಸಂಗವನ್ನೇ ಮಾಡಿಸಿ, ಎರಡು ನಿಮಿಷ ರೆಕಾರ್ಡ್ ಮಾಡಿ. ಎಂಟು ವಾರ ಕಳೆದ ಮೇಲೆ ಅದೇ ಪ್ರಸಂಗ ಮತ್ತೆ. ಎರಡನ್ನೂ ಪಕ್ಕಪಕ್ಕ ಕೇಳಿಸಿ, ನೀವೇನೂ ಹೇಳುವುದೇ ಬೇಡ. ಎ-1, ಎ-2 ಅಳತೆಯಲ್ಲಿ "ಇಷ್ಟು ಮಾಡಬಲ್ಲೆ" ಅನ್ನುವ ವಾಕ್ಯಗಳಿವೆ. ಅದೇ ರೀತಿಯಲ್ಲಿ ನಮ್ಮೂರಿನ ವಾಕ್ಯ ಬರೆಯಿಸುತ್ತೇನೆ: "ಸೋಗಾನೆ ಏರ್‌ಪೋರ್ಟಿಂದ ಮನೆವರೆಗೆ ಗೆಸ್ಟಿಗೆ ಫೋನಿನಲ್ಲಿ ದಾರಿ ಹೇಳಬಲ್ಲೆ." ಹೇಳಲು ಬಂತೋ, ಟಿಕ್ ಹಾಕಿ.

ಮಧ್ಯದಲ್ಲಿ ಗುರಿನೇ ಬದಲಾದ್ರೆ?

ಬದಲಾಗಲಿ, ಪಾಠವೂ ಬದಲಾಗುತ್ತದೆ. ಹೊಸನಗರ ಕಡೆಯ ಒಬ್ಬರು ಅಜ್ಜಿ ಫೋನಿನಲ್ಲಿ ಕಲಿಯುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಐದು ವರ್ಷದ ಮೊಮ್ಮಗನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಬೇಕು, ಅಷ್ಟೇ ಅವರ ಗುರಿ. ಮಗುವಿನ ದಿನ ಹಿಡಿದು ಪಾಠ ಮಾಡಿದೆವು: ತಿಂಡಿ ಏನು, ಶಾಲೆಯಲ್ಲಿ ಯಾರ ಜೊತೆ ಆಡಿದೆ, ಹಿಮ ಬಿತ್ತಾ. ಮೂರು ತಿಂಗಳಾದ ಮೇಲೆ ಅವರು ತಮ್ಮ ಮನೆ ಕೊಟ್ಟಿಗೆಗೆ ಹುಲಿ ಬಂದಿದ್ದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರು, ನಾನು ಪಕ್ಕದ ಫೋನಿನಲ್ಲಿ ಉಸಿರು ಹಿಡಿದು ಕೂತಿದ್ದೆ. ಒಂದೇ ಪದ ಸಿಗದೆ ಅವರು "ಕೊಟ್ಟಿಗೆ" ಅಂತಲೇ ಅಂದುಬಿಟ್ಟರು. ಮಗು ಅದನ್ನೇ ಹಿಡಿದು ಕೊಟ್ಟಿಗೆ, ಕೊಟ್ಟಿಗೆ ಅಂತ ಹೇಳುತ್ತಾ ಕುಣಿಯಿತು.

ಮಾರನೇ ದಿನ ಫೋನ್ ಬಂತು. "ಮೇಡಂ, ಅವನಿಗೆ ಕನ್ನಡ ಕಲಿಸ್ಬೇಕು. ಅದಕ್ಕೆ ಬೇಕಾಗೋ ಇಂಗ್ಲಿಷ್ ಹೇಳ್ಕೊಡಿ." ಹಾಗಾಗಿ ಈಗ "ಸೇ ಇಟ್ ಅಗೇನ್", "ಲುಕ್ ಅಟ್ ಮೈ ಮೌತ್", "ವೆರಿ ಗುಡ್ ಪುಟ್ಟ" ನಡೆಯುತ್ತಿದೆ. ಅವರ ನೋಟ್‌ಬುಕ್ಕಿನ ಎಡಪುಟದಲ್ಲಿ ಅವರು ಕಲಿಯಬೇಕಾದ ಇಂಗ್ಲಿಷ್ ಇದೆ, ಬಲಪುಟದಲ್ಲಿ ಮೊಮ್ಮಗನಿಗೆ ಕಲಿಸಬೇಕಾದ ಕನ್ನಡ. ಈ ವಾರದ ಬಲಪುಟ: ಕರು, ಹುಲ್ಲು, ಗಂಟೆ.